ಫ್ಯಾನ್ ಮೇಲಿನ ಹೆಸರಿನ ಹಿಂದೆ ಒಬ್ಬ ವೈರಿಂಗ್ ಕಾಂಟ್ರಾಕ್ಟರು

ಕೇಳುಗರಿಗೆಲ್ಲಾ ನಮಸ್ಕಾರ.

ಕ್ರಾಂಪ್ಟನ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಸೀಲಿಂಗ್ ಫ್ಯಾನು, ತೋಟ ಇರೋರಿಗೆ ಪಂಪಿನ ಮೋಟ್ರು, ಅಷ್ಟೇ. ಆದ್ರೆ ಈ ಕಂಪ್ನಿ ಶುರುವಾಗಿದ್ದು ಫ್ಯಾನ್ ಮಾಡೋಕಲ್ಲ, ಬೇರೆಯವರ ಕಟ್ಟಡಕ್ಕೆ ಲೈಟ್ ಹಾಕಿಕೊಡೋ ಕಾಂಟ್ರಾಕ್ಟ್ ಹಿಡಿಯೋಕೆ. ಅದೂ 1878ರಲ್ಲಿ, ಇಂಗ್ಲೆಂಡಿನ ಚೆಲ್ಮ್ಸ್‌ಫರ್ಡ್ ಅನ್ನೋ ಊರಲ್ಲಿ, ಆಗಿನ್ನೂ ಎಡಿಸನ್ನನ ಬಲ್ಬೇ ಬಂದಿರ್ಲಿಲ್ಲ ನೋಡಿ.

ಮಾಲೀಕನ ಹೆಸರು ರೂಕ್ಸ್ ಎವೆಲಿನ್ ಬೆಲ್ ಕ್ರಾಂಪ್ಟನ್, 1845ರಲ್ಲಿ ಯಾರ್ಕ್‌ಶೈರ್ ಕಡೆ ಹುಟ್ಟಿದವ್ನು. ಸ್ಕೂಲಿಗೆ ಹೋಗ್ತಿದ್ದಾಗ್ಲೇ ರಜೆ ಬಂದ್ರೆ ಮನೇಲಿ ಹಬೆ ಗಾಡಿ ಕಟ್ಟೋಕೆ ಕೂರ್ತಿದ್ದ ಆಸಾಮಿ. ಆಮೇಲೆ ಸೈನ್ಯ ಸೇರಿ ಭಾರತಕ್ಕೆ ಬಂದ. ಇಲ್ಲಿದ್ದಾಗ ಅವನ ತಲೇಲಿ ಕರೆಂಟು ಇರ್ಲೇ ಇಲ್ಲ, ಇದ್ದಿದ್ದೆಲ್ಲಾ ರಸ್ತೆ. ಎತ್ತಿನ ಗಾಡಿ ಸಾಲು ನಿಧಾನ ಆಯ್ತು, ರಬ್ಬರ್ ಟೈರಿನ ಹಬೆ ಎಂಜಿನ್ನು ಗಾಡಿಗಳನ್ನ ಎಳೀಲಿ ಅಂತ ಸರ್ಕಾರದ ಒಪ್ಪಿಗೆ ತಗೊಂಡು ಪ್ರಯೋಗ ಮಾಡ್ತಿದ್ದ. 1875ರಲ್ಲಿ ಸೈನ್ಯ ಬಿಟ್ಟು ವಾಪಸ್ ಹೋಗಿ ಚೆಲ್ಮ್ಸ್‌ಫರ್ಡಿನ ಒಂದು ಸಣ್ಣ ಎಂಜಿನಿಯರಿಂಗ್ ಕಂಪ್ನೀಲಿ ಪಾಲುದಾರ ಆದ.

ಲೈಟಿನ ಸಹವಾಸ ಶುರುವಾಗಿದ್ದು ನೆಂಟರ ಕಬ್ಬಿಣದ ಫೌಂಡ್ರಿಯಿಂದ. ರಾತ್ರಿ ಪಾಳಿ ಕೆಲಸ ನಡೀಬೇಕು, ಬೆಳಕು ಸಾಲ್ತಿಲ್ಲ. ಪ್ಯಾರಿಸ್ಸಿಂದ ಗ್ರಾಮ್ ಅನ್ನೋವನ ಡೈನಮೋ, ಅಂದ್ರೆ ಕರೆಂಟ್ ಹುಟ್ಟಿಸೋ ಯಂತ್ರ, ಜೊತೆಗೆ ಆರ್ಕ್ ದೀಪ ತರಿಸ್ದ. ಈ ಆರ್ಕ್ ದೀಪ ಅಂದ್ರೆ ಎರಡು ಇದ್ದಲಿನ ಕಡ್ಡಿ ಎದುರುಬದುರು ಇಟ್ಟು ಮಧ್ಯೆ ಕಿಡಿ ನಿಲ್ಲಿಸೋದು, ಕಡ್ಡಿ ಸವೀತಾ ಹೋಗುತ್ತೆ, ಮಧ್ಯದ ಗ್ಯಾಪ್ ಜಾಸ್ತಿ ಆದ್ರೆ ದೀಪ ಆರೋಗುತ್ತೆ, ಕಮ್ಮಿ ಆದ್ರೆ ಪಟಪಟ ಅನ್ನುತ್ತೆ, ಹಾಗಾಗಿ ಕಡ್ಡಿ ತಾನಾಗೇ ಮುಂದೆ ಸರಿಯೋ ಹಾಗೆ ಒಳಗೊಂದು ಯಂತ್ರ ಬೇಕು. ಫ್ರಾನ್ಸಿಂದ ಬಂದಿದ್ದು ಇವನಿಗೆ ಸರಿ ಬರ್ಲಿಲ್ಲ, ತಾನೇ ಸುಧಾರಿಸಿ ಮಾರೋಕೆ ಶುರು ಮಾಡ್ದ. ಡೈನಮೋ ಕಥೇನೂ ಅಷ್ಟೇ, ಸ್ವಿಟ್ಜರ್ಲೆಂಡಿನ ಬ್ಯೂರ್ಗಿನ್ ಅನ್ನೋವನ ಡಿಸೈನ್ ಹಕ್ಕು ತಗೊಂಡು ಉತ್ತಮಪಡಿಸ್ದ.

ಈಗಿನ ಕಾಂಟ್ರಾಕ್ಟರಿಗೂ ಆಗಿನವರಿಗೂ ಇರೋ ವ್ಯತ್ಯಾಸ ಇಲ್ಲೇ. ಈಗ ಪೈಪು, ವೈರು, ಸ್ವಿಚ್ಚು ಅಂಗಡೀಲಿ ಸಿಗುತ್ತೆ, ಕರೆಂಟು ಕಂಬದಿಂದ ಬರುತ್ತೆ. ಆಗ ಕಂಬಾನೇ ಇಲ್ಲ. ಅರಮನೆಗೆ ಲೈಟ್ ಹಾಕ್ತೀನಿ ಅಂತ ಒಪ್ಕೊಂಡ್ರೆ ಬಾಯ್ಲರು, ಹಬೆ ಎಂಜಿನ್ನು, ಡೈನಮೋ, ವೈರು, ದೀಪ, ಅದನ್ನ ನೋಡ್ಕೊಳ್ಳೋ ಆಳು ಎಲ್ಲಾ ಇವ್ನೇ ಹೊಂದಿಸ್ಬೇಕು. ಹಂಗೇ ವಿಂಡ್ಸರ್ ಕೋಟೆ, ಲಂಡನ್ನಿನ ಲಾ ಕೋರ್ಟ್ಸ್, ವಿಯೆನ್ನಾದ ಆಪೆರಾ ಹೌಸು ಎಲ್ಲಾ ಈ ಕಂಪ್ನಿ ಬೆಳಗ್ಸ್ತು. 1881ರಲ್ಲಿ ವಿಯೆನ್ನಾದ ರಿಂಗ್ ಥಿಯೇಟರಿಗೆ ಬೆಂಕಿ ಬಿದ್ದು ನೂರಾರು ಜನ ಸತ್ತಿದ್ರು, ಅಲ್ಲಿದ್ದಿದ್ದು ಗ್ಯಾಸ್ ದೀಪ; ಅಂಥಾದ್ದಾದ ಮೇಲೆ ನಾಟಕಶಾಲೆಗಳಿಗೆ ಕರೆಂಟ್ ಲೈಟ್ ಬೇಕು ಅನ್ನೋರು ಜಾಸ್ತಿ ಆದ್ರು.

1880ರ ದಶಕದಲ್ಲೇ ಲಂಡನ್ನಿನ ಕೆನ್ಸಿಂಗ್ಟನ್ ಕೋರ್ಟಲ್ಲಿ ಪವರ್ ಹೌಸ್ ಕಟ್ಟಿ ಅಕ್ಕಪಕ್ಕದ ಮನೆಗಳಿಗೆ ಕರೆಂಟ್ ಕೊಟ್ಟ. ಫುಟ್‌ಪಾತ್ ಕೆಳಗೆ ಕಾಲುವೆ ತೋಡಿ ಬರೀ ತಾಮ್ರದ ಪಟ್ಟಿ ಎಳೆದಿದ್ದು, ಮೇಲೆ ಇನ್ಸುಲೇಷನ್ ಸುತ್ತಿರ್ಲಿಲ್ಲ, ಪಿಂಗಾಣಿ, ಗಾಜಿನ ಆಸರೆ ಮೇಲೆ ಕೂರಿಸಿದ್ದು ಅಷ್ಟೇ, ನಮ್ಮ ಲೈನ್‌ಮನ್‌ಗಳು ಕೇಳಿದ್ರೆ ಕೈ ಮುಗಿದು ಎದ್ದು ಹೋಗ್ತಾರೆ. ಕರೆಂಟು ಡಿಸಿ, ಅಂದ್ರೆ ಒಂದೇ ದಿಕ್ಕಿಗೆ ಹರಿಯೋದು. ಡಿಸಿನೇ ಸರಿ ಅಂತ ಈತನ ಹಠ, ಯಾಕಂದ್ರೆ ಬ್ಯಾಟ್ರೀಲಿ ತುಂಬಿಟ್ಕೋಬಹುದು. ಎದುರಾಳಿ ಎಂಜಿನಿಯರ್ ಫೆರ‍್ರಾಂಟಿ ಊರಾಚೆ ಡೆಟ್‌ಫರ್ಡಿಂದ 10,000 ವೋಲ್ಟಿನ ಎಸಿ, ಅಂದ್ರೆ ದಿಕ್ಕು ಬದಲಾಯಿಸ್ತಾ ಹರಿಯೋ ಕರೆಂಟಿನ ಲೈನ್ ಎಳೀತೀನಿ ಅಂತ ಹೊರಟಿದ್ದ. ದೂರಕ್ಕೆ ಸಾಗಿಸೋ ವಿಷಯದಲ್ಲಿ ಕೊನೆಗೆ ಗೆದ್ದಿದ್ದು ಫೆರ‍್ರಾಂಟಿ ದಾರೀನೇ.

ಆದ್ರೆ ನನ್ನ ಕೇಳಿದ್ರೆ ಕ್ರಾಂಪ್ಟನ್ನನ ದೊಡ್ಡ ಕೆಲಸ ಈ ಅರಮನೆಗಳಲ್ಲ. ಆ ಕಾಲದಲ್ಲಿ ಒಬ್ಬೊಬ್ಬರದ್ದು ಒಂದೊಂದು ವೋಲ್ಟೇಜು, ಒಂದೊಂದು ಅಳತೆ, ಒಬ್ಬನ ದೀಪ ಇನ್ನೊಬ್ಬನ ಲೈನಿಗೆ ಕೂರ್ತಿರ್ಲಿಲ್ಲ, ಮಷೀನಿನ ಪವರ್ ಇಷ್ಟು ಅಂದ್ರೆ ಯಾವ ಲೆಕ್ಕದಲ್ಲಿ ಅಂತ ಕೇಳ್ಬೇಕು. ಇದರ ಬಿಸಿ ಮೊದಲು ತಟ್ಟೋದು ಸೈಟಲ್ಲಿ ನಿಂತು ಜೋಡಿಸೋನಿಗೇ ತಾನೇ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಸಮ್ಮೇಳನದಲ್ಲಿ ಈತ ಇದೇ ಮಾತೆತ್ತಿದ, 1906ರಲ್ಲಿ ಲಂಡನ್ನಲ್ಲಿ ಐಇಸಿ, ಅಂದ್ರೆ ಕರೆಂಟ್ ಸಾಮಾನಿಗೆಲ್ಲಾ ಒಂದೇ ಅಳತೆ, ಒಂದೇ ಮಾನದಂಡ ಗೊತ್ತು ಮಾಡೋ ಅಂತರರಾಷ್ಟ್ರೀಯ ಸಂಸ್ಥೆ ಹುಟ್ಕೊಳ್ತು, ಮೊದಲ ಅಧ್ಯಕ್ಷ ವಿಜ್ಞಾನಿ ಲಾರ್ಡ್ ಕೆಲ್ವಿನ್. ಇವತ್ತು ಮನೇಲಿ ಲೋಡ್ ಜಾಸ್ತಿ ಆದ್ರೆ ತಾನಾಗೇ ಬೀಳೋ ಎಂಸಿಬಿ ಸ್ವಿಚ್ಚಿನ ಡಬ್ಬಿ ಮೇಲೆ ಐಇಸಿ ಅಂತ ನಂಬರ್ ಹಾಕಿರ್ತಾರಲ್ಲ, ಅದೇ ಸಂಸ್ಥೆ.

ಕಂಪ್ನಿ ಕಥೆ ಮುಂದಕ್ಕೆ ಬೇಗ ಹೇಳ್ಬಿಡ್ತೀನಿ. 1927ರಲ್ಲಿ ಪಾರ್ಕಿನ್ಸನ್ ಕಂಪ್ನಿ ಜೊತೆ ಸೇರಿ ಕ್ರಾಂಪ್ಟನ್ ಪಾರ್ಕಿನ್ಸನ್ ಆಯ್ತು, 1937ರಲ್ಲಿ ಬಾಂಬೆಗೆ ಬಂತು, 1940ರಲ್ಲಿ ಕ್ರಾಂಪ್ಟನ್ ತೀರ್ಕೊಂಡ. 1947ರಲ್ಲಿ ಇಲ್ಲಿನ ವ್ಯವಹಾರ ಲಾಲಾ ಕರಮ್‌ಚಂದ್ ಥಾಪರ್ ಕೈಗೆ ಬಂದು, 1966ರಲ್ಲಿ ಕ್ರಾಂಪ್ಟನ್ ಗ್ರೀವ್ಸ್ ಅನ್ನೋ ಹೆಸರಾಯ್ತು. ಈಗ ಆ ಮನೇನೂ ಪಾಲಾಗಿದೆ. ಫ್ಯಾನು, ಲೈಟು, ಪಂಪು ಒಂದು ಕಂಪ್ನಿಗೆ, ಟ್ರಾನ್ಸ್‌ಫಾರ್ಮರು, ದೊಡ್ಡ ಮೋಟ್ರು ಸಿಜಿ ಪವರ್ ಅನ್ನೋ ಇನ್ನೊಂದಕ್ಕೆ. ಆ ಎರಡನೇದನ್ನ 2020ರಲ್ಲಿ ಚೆನ್ನೈನ ಮುರುಗಪ್ಪ ಗ್ರೂಪಿನವರು ತಗೊಂಡ್ರು. ಶೇರು ತಗೊಳ್ಳೋರು ಹೆಸರು ಸರಿಯಾಗಿ ನೋಡ್ಕೊಂಡು ತಗೊಳ್ಳಿ, ಎರಡೂ ಬೇರೆ ಬೇರೆ.

ನಮಸ್ಕಾರ.