ಕೋಟೆಯ ಕಲ್ಲಿಗೆ ಎಷ್ಟು ಹಣ?

ಕೇಳುಗರಿಗೆ ನಮಸ್ಕಾರ.

ರಾಯಚೂರು ಕೋಟೆಯ ಒಳಗೋಡೆಯಲ್ಲಿ ಒಂದು ಕಲ್ಲಿದೆ. ಉದ್ದ 40 ಅಡಿಗಿಂತ ಜಾಸ್ತಿ. ಅದರ ಮೇಲಿರುವುದು 1294ರ ತೆಲುಗು ಶಾಸನ. ಕಾಕತೀಯರ ಕಡೆಯವರು ಈ ಕೋಟೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಕಲ್ಲನ್ನು ಸಾಗಿಸಿದ ಚಿತ್ರವನ್ನೂ ಗೋಡೆಯಲ್ಲಿ ಕೊರೆದಿದ್ದಾರೆ. ಸಾಲುಸಾಲು ಕೋಣಗಳು ಬಂಡಿ ಎಳೆಯುತ್ತಿವೆ. ಆಳುಗಳು ಅವನ್ನು ಹುರಿದುಂಬಿಸುತ್ತಿದ್ದಾರೆ, ಕೆಲವರು ಗಾಲಿಗೆ ಮೀಟುಗೋಲು ಕೊಟ್ಟಿದ್ದಾರೆ. ಶಾಸನಗಳಲ್ಲಿ ರಾಜರ ಬಿರುದು ಬೇಕಾದಷ್ಟು ಸಿಗುತ್ತವೆ. ಕಲ್ಲು ಹೊತ್ತವರು ಕಾಣಿಸಿಕೊಳ್ಳುವುದು ಅಪರೂಪ, ಅಲ್ವಾ? ಈ ಕಲ್ಲನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮತ್ತೆ ಇಲ್ಲಿಗೇ ಬರುತ್ತೇನೆ.

ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ನಡುವಿನ ಈ ನೆಲಕ್ಕೆ ನಮ್ಮ ಹಳೆಯ ಶಾಸನಗಳಲ್ಲಿ ಎಡೆದೊರೆ ನಾಡು ಅಂತ ಹೆಸರು. ಎಡೆ ಅಂದರೆ ನಡುವೆ, ತೊರೆ ಅಂದರೆ ಹೊಳೆ. ಮುಂದೆ ಪಾರಸಿ ಮಾತಾಡುವವರು ಬಂದು ದೋಆಬ್ ಅಂದರು. ಅದರ ಅರ್ಥವೂ ಎರಡು ನೀರು ಅಂತಲೇ. ಹನ್ನೊಂದನೆಯ ಶತಮಾನದ ರಾಜೇಂದ್ರ ಚೋಳ ತಾನು ಗೆದ್ದ ನಾಡುಗಳ ಪಟ್ಟಿಯಲ್ಲಿ ಇದನ್ನೇ ಇಡೈತುರೈ ನಾಡು ಎಂದು ಬರೆಸಿಕೊಂಡ. ಆಗ ಇಲ್ಲಿ ಚಾಲುಕ್ಯರಿದ್ದರು. ಜಗಳ ಅಷ್ಟು ಹಳೆಯದು.

ಯಾಕಿಷ್ಟು ಆಸೆ? ಮೊದಲನೆಯದು ಎರೆ ಮಣ್ಣು. ಜೋಳ, ಹತ್ತಿ ಬೆಳೆಯುವ ಭೂಮಿ, ಕಂದಾಯ ತರುವ ಭೂಮಿ. ಆಮೇಲೆ ಚಿನ್ನ. ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ತೆಗೆಯುತ್ತಾರೆ. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನ 1915ರಲ್ಲಿ ಯಾರ ಕಣ್ಣಿಗೆ ಬಿತ್ತು ಗೊತ್ತಾ? ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ. ಮೂರನೆಯದು ಭಯ. ಈ ನೆಲ ಶತ್ರುವಿನ ಕೈಯಲ್ಲಿದ್ದರೆ ಹಂಪೆಯ ಎದುರು ದಡದವರೆಗೂ ಅವನು ಬಂದುಬಿಡಬಹುದು. ಕೃಷ್ಣೆಯ ಆಚೆ ಇದ್ದ ಬಹಮನಿ ಸುಲ್ತಾನರಿಗೂ ಇದೇ ಚಿಂತೆ.

ಹಾಗಾಗಿ ವಿಜಯನಗರ, ಬಹಮನಿ ಎರಡೂ ಹುಟ್ಟಿದ ಸ್ವಲ್ಪ ಕಾಲಕ್ಕೇ ಕಾದಾಟ ಶುರುವಾಯಿತು. 1366ರಲ್ಲಿ ವಿಜಯನಗರದ ಬುಕ್ಕರಾಯ ಈ ನೆಲದ ಇನ್ನೊಂದು ಕೋಟೆ ಮುದಗಲ್ಲನ್ನು ಹಿಡಿದ. ಬಹಮನಿ ಸುಲ್ತಾನ ಅದಕ್ಕೆ ಭೀಕರವಾಗಿ ಸೇಡು ತೀರಿಸಿಕೊಂಡ. 1406ರ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳ ಚೆಲುವೇ ಕಾರಣ ಎಂದು ಫೆರಿಶ್ತಾ ಎಂಬ ಚರಿತ್ರೆಕಾರ ಬರೆದಿದ್ದಾನೆ. ಕತೆ ಚೆನ್ನಾಗಿದೆ. ನನಗಂತೂ ಅಷ್ಟು ನಂಬಿಕೆಯಿಲ್ಲ. ಆ ಹುಡುಗಿ ಹುಟ್ಟದಿದ್ದರೂ ಯುದ್ಧ ಆಗಿಯೇ ಆಗುತ್ತಿತ್ತು.

1491ರಲ್ಲಿ ಸಾಯುವಾಗ ವಿಜಯನಗರದ ದೊರೆ ಸಾಳುವ ನರಸಿಂಹನಿಗೆ ಇದ್ದ ಕೊರಗು ಒಂದೇ. ರಾಯಚೂರು, ಮುದಗಲ್ಲು, ಉದಯಗಿರಿ ಮೂರೂ ಕೈಗೆ ಬರಲಿಲ್ಲ ಅಂತ. ಆ ಹೊತ್ತಿಗೆ ಬಹಮನಿ ರಾಜ್ಯ ಒಡೆದು, ಈ ಕಡೆಯ ಪಾಲು ಬಿಜಾಪುರದ ಆದಿಲಶಾಹಿಗಳಿಗೆ ಬಂದಿತ್ತು.

ಕೊನೆಗೆ 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದ. ಇದನ್ನು ವಿವರವಾಗಿ ಬರೆದವನು ಪೋರ್ಚುಗೀಸ್ ವರ್ತಕ ನ್ಯೂನಿಜ್. ಸೈನಿಕರ ಲೆಕ್ಕ ಹೇಳುವಾಗ ಏಳು ಲಕ್ಷ ಕಾಲಾಳು ಎನ್ನುತ್ತಾನೆ. ಅದನ್ನು ಸ್ವಲ್ಪ ತಗ್ಗಿಸಿಕೊಂಡೇ ಕೇಳಬೇಕು. ಆದರೆ ಸಣ್ಣ ಸಂಗತಿಗಳಲ್ಲಿ ಅವನನ್ನು ಮೀರಿಸುವವರಿಲ್ಲ. ಆಳುಗಳು ಹಾರೆ, ಗುದ್ದಲಿ ಹಿಡಿದು ಗೋಡೆಯ ಬುಡಕ್ಕೆ ಹೋಗಬೇಕಿತ್ತು. ಮೇಲಿಂದ ಬಾಣ, ಗುಂಡು. ಸುಮ್ನೆ ಯಾರು ಹೋಗುತ್ತಾರೆ? ಅದಕ್ಕೆ ಸರದಾರರು ಒಂದು ಉಪಾಯ ಮಾಡಿದರು. ಗೋಡೆಯಿಂದ ಕಿತ್ತು ತಂದ ಕಲ್ಲನ್ನು ಕೊಂಡುಕೊಳ್ಳತೊಡಗಿದರು. ಕಲ್ಲಿನ ಗಾತ್ರ ನೋಡಿ 10 ಹಣದಿಂದ 50 ಹಣದವರೆಗೆ ಬೆಲೆ. ಹಣ ಅಂದರೆ ಆಗಿನ ಒಂದು ನಾಣ್ಯ. ಕೋಣ ಕಟ್ಟಿ ತಂದು ನಿಲ್ಲಿಸಿದ್ದನ್ನು ಈಗ ಹಣ ಕೊಟ್ಟು ಕೀಳಿಸುತ್ತಿದ್ದರು!

ಅಷ್ಟರಲ್ಲಿ ಇಸ್ಮಾಯಿಲ್ ಆದಿಲಶಹಾ ಕೃಷ್ಣೆ ದಾಟಿ ಬಂದ. ಅವನ ಫಿರಂಗಿಗಳ ಹೊಡೆತಕ್ಕೆ ರಾಯನ ಮುಂದಿನ ಸಾಲು ಚದುರಿಹೋಯಿತು. ಆಗ ರಾಯ ಬೆರಳಿನ ಉಂಗುರ ತೆಗೆದು ಹತ್ತಿರದ ಹುಡುಗನ ಕೈಗೆ ಕೊಟ್ಟ. ತಾನು ಸತ್ತರೆ ರಾಣಿಯರಿಗೆ ಗುರುತಾಗಿ ತೋರಿಸಲಿ ಅಂತ. ಆಮೇಲೆ ತಾನೇ ಕುದುರೆ ಏರಿ ನುಗ್ಗಿದ. ಬಿಜಾಪುರದ ದಂಡು ಹೊಳೆಯವರೆಗೂ ಓಡಿತು. ತುಂಬಾ ಜನ ನೀರಿನಲ್ಲೇ ಸತ್ತರು. 400 ದೊಡ್ಡ ಫಿರಂಗಿಗಳು ರಾಯನ ಕೈಗೆ ಬಿದ್ದವು.

ಕೋಟೆ ಮಾತ್ರ ಇನ್ನೂ ಬಗ್ಗಿರಲಿಲ್ಲ. ಫಿಗೇರೆಡೊ ಎಂಬ ಪೋರ್ಚುಗೀಸನು 20 ಜನ ಬಂದೂಕುದಾರರ ಜೊತೆ ಬಂದು, ಗೋಡೆಯ ಮೇಲೆ ತಲೆ ಹಾಕಿದವರಿಗೆ ಗುರಿ ಇಟ್ಟ. ಏನಾಗುತ್ತಿದೆ ನೋಡೋಣ ಎಂದು ಕೋಟೆಯ ಅಧಿಕಾರಿಯೇ ಬಗ್ಗಿದ. ಗುಂಡು ಅವನ ಹಣೆಗೆ ಬಿತ್ತು. ಅದಾದ ಮೇಲೆ ಊರು ಶರಣಾಯಿತು.

ಇದನ್ನು ಬರೀ ಎರಡು ಧರ್ಮಗಳ ಯುದ್ಧ ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಇಮ್ಮಡಿ ದೇವರಾಯನ ದಂಡಿನಲ್ಲಿ ಮುಸ್ಲಿಂ ಕುದುರೆ ಸವಾರರಿದ್ದರು. ಅಳಿಯ ರಾಮರಾಯ ಮೊದಲು ಗೋಲ್ಕೊಂಡದ ಸುಲ್ತಾನನ ಹತ್ತಿರ ಚಾಕರಿ ಮಾಡಿದವನು. ಎರಡೂ ಕಡೆಯ ಕಣ್ಣು ಇದ್ದದ್ದು ಎರೆ ಹೊಲದ ಮೇಲೆ.

1565ರ ತಾಳಿಕೋಟೆ ಯುದ್ಧದ ನಂತರ ರಾಯಚೂರು, ಮುದಗಲ್ಲು ಮತ್ತೆ ಬಿಜಾಪುರಕ್ಕೆ ಹೋದವು. 1686ರಲ್ಲಿ ಬಿಜಾಪುರವೇ ಔರಂಗಜೇಬನ ಪಾಲಾಯಿತು. ಆಮೇಲೆ ನಿಜಾಮರು. 1853ರಲ್ಲಿ ದಂಡಿನ ಖರ್ಚಿನ ಬಾಕಿಗಾಗಿ ನಿಜಾಮರು ಇಡೀ ದೋಆಬನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು, ಸಾಲಕ್ಕೆ ಹೊಲ ಒತ್ತೆ ಇಟ್ಟ ಹಾಗೆ. 1857ರ ದಂಗೆಯಲ್ಲಿ ನಿಜಾಮರು ತಮ್ಮ ಕಡೆ ನಿಂತರೆಂದು ಇಂಗ್ಲಿಷರು 1860ರಲ್ಲಿ ಅದನ್ನು ವಾಪಸ್ ಕೊಟ್ಟರು. ಒಂದು ಗುಂಡೂ ಹಾರಲಿಲ್ಲ. ಹೊಲದಲ್ಲಿದ್ದವರನ್ನು ಯಾರೂ ಕೇಳಲೂ ಇಲ್ಲ.

1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಹೊಳೆಗಳು ಗಡಿಯ ಕೆಲಸವನ್ನು ಇನ್ನೂ ಬಿಟ್ಟಿಲ್ಲ. ಶಕ್ತಿನಗರದ ಹತ್ತಿರ ಕೃಷ್ಣೆ ದಾಟಿದರೆ ತೆಲಂಗಾಣ. ಮಂತ್ರಾಲಯಕ್ಕೆ ಹೋಗುವವರು ತುಂಗಭದ್ರೆ ದಾಟಿದರೆ ಆಂಧ್ರ. ಸೇತುವೆ ಬಂದಾಗ ಬಸ್ಸಿನಲ್ಲಿ ಕೂತವರು ಹೊಳೆಗೆ ಕೈ ಮುಗಿದು, ಕಿಟಕಿಯಿಂದ ಒಂದು ನಾಣ್ಯ ಎಸೆಯುತ್ತಾರೆ.

ನಮಸ್ಕಾರ.