ಏರದ ಪಿಂಚಣಿ, ಏರುವ ಬೆಲೆ

ಕೇಳುಗರಿಗೆ ನಮಸ್ಕಾರ.

ಥಾಯ್ಲೆಂಡಿನ ಉತ್ತರದಲ್ಲಿ ಚಿಯಾಂಗ್ ಮಾಯ್ ಎಂಬ ಊರಿದೆ. ನಿವೃತ್ತರಾದ ಬ್ರಿಟಿಷರು ಬಹಳ ಮಂದಿ ಅಲ್ಲಿ ಹೋಗಿ ನೆಲೆಸಿದ್ದಾರೆ. ತಮ್ಮೂರಿನಲ್ಲಿ ಮನೆ ಬಾಡಿಗೆಗೇ ಸಾಲದ ಪಿಂಚಣಿಯಲ್ಲಿ ಅಲ್ಲಿ ತಿಂಗಳು ಕಳೆಯಬಹುದು ಎಂಬ ಲೆಕ್ಕಾಚಾರ ಅವರದು. ಆ ಲೆಕ್ಕ ಎಲ್ಲಿ ಸರಿಹೋಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಊಟ ತಿಂಡಿಯ ಮಟ್ಟಿಗೆ ಚಿಂತೆಯಿಲ್ಲ. ತೆಂಗಿನಹಾಲಿನ ಸಾರಿನಲ್ಲಿ ಮೊಟ್ಟೆಯ ಶಾವಿಗೆ ಹಾಕಿ, ಮೇಲೆ ಗರಿಗರಿಯಾಗಿ ಕರಿದ ಶಾವಿಗೆ ಉದುರಿಸಿ, ಪಕ್ಕಕ್ಕೆ ಉಪ್ಪಿನಲ್ಲಿ ಹಾಕಿದ ಸಾಸಿವೆ ಸೊಪ್ಪು, ಹಸಿ ಈರುಳ್ಳಿ, ಒಂದು ಹೋಳು ನಿಂಬೆ ಇಟ್ಟುಕೊಡುತ್ತಾರೆ. ಇದರ ಹೆಸರು ಖಾವ್ ಸೋಯ್. ಬೀದಿ ಅಂಗಡಿಯಲ್ಲಿ ಒಂದು ಬಟ್ಟಲಿಗೆ 50–60 ಬಾತ್. ಬಾತ್ ಅಂದರೆ ಅಲ್ಲಿನ ನಾಣ್ಯ. ಆದರೆ ಹುಟ್ಟೂರಿನ ಚೀಸು, ವೈನು ಬೇಕೆಂದರೆ ಆಮದು ಮಾಲಿನ ಬೆಲೆ ತೆರಬೇಕು. ಕರೆಂಟಿನದು ಇನ್ನೊಂದು ಕಥೆ. ಸರ್ಕಾರದ ದರ ಯೂನಿಟ್ಟಿಗೆ ಸುಮಾರು 4 ಬಾತ್ ಇದ್ದರೆ, ಎಷ್ಟೋ ವಠಾರಗಳ ಮಾಲೀಕರು 7–8 ಬಾತ್ ವಸೂಲು ಮಾಡುತ್ತಾರೆ. ಬಾಡಿಗೆ ಎಷ್ಟು ಎಂದು ಕೇಳುವ ಮೊದಲೇ ಮೀಟರು ಯಾರದ್ದು ಎಂದು ಕೇಳುವುದು ಜಾಣತನ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲದ ಕೂಳೆ, ಕಾಡು ಉರಿದು ಊರಿಗೆಲ್ಲ ಹೊಗೆ ಕವಿಯುತ್ತದೆ. ಆಗ ವಯಸ್ಸಾದವರು ಕಿಟಕಿ ಮುಚ್ಚಿಕೊಂಡು, ಗಾಳಿ ಶುದ್ಧ ಮಾಡುವ ಯಂತ್ರ ಹಾಕಿಕೊಂಡೇ ಇರಬೇಕಾಗುತ್ತದೆ. ಆ ತಿಂಗಳುಗಳ ಬಿಲ್ಲು ನೀವೇ ಊಹಿಸಿ.

ಇವೆಲ್ಲ ಹೇಗೋ ನಿಭಾಯಿಸಬಹುದಾದ ಖರ್ಚುಗಳು. ನಿಜವಾದ ಪೆಟ್ಟು ಬೀಳುವುದು ಬೇರೆ ಕಡೆಯಿಂದ.

ನಮ್ಮಲ್ಲಿ ಸರ್ಕಾರಿ ನಿವೃತ್ತರಿಗೆ ತುಟ್ಟಿಭತ್ಯೆ ಏರುವ ಹಾಗೆ, ಬ್ರಿಟನ್ನಿನಲ್ಲಿ ದುಡಿಯುವಾಗ ವಿಮೆಯ ಕಂತು ಕಟ್ಟಿದವರಿಗೆಲ್ಲ ಸರ್ಕಾರ ಕೊಡುವ ಪಿಂಚಣಿ ಪ್ರತಿ ಏಪ್ರಿಲ್‌ನಲ್ಲಿ ಏರುತ್ತದೆ. ಆದರೆ ಥಾಯ್ಲೆಂಡಿನಲ್ಲಿ ನೆಲೆಸಿದವರಿಗೆ ಈ ಏರಿಕೆ ಇಲ್ಲ. ಅಮೆರಿಕದಲ್ಲಿದ್ದವರಿಗೆ ಉಂಟು, ಫಿಲಿಪ್ಪೀನ್ಸ್‌ನಲ್ಲಿದ್ದವರಿಗೂ ಉಂಟು. ಕೆನಡಾ, ಆಸ್ಟ್ರೇಲಿಯಾ, ಭಾರತದಲ್ಲಿದ್ದವರಿಗೆ ಇಲ್ಲ. ಎಲ್ಲರೂ ದುಡಿಯುವಾಗ ಕಟ್ಟಿದ್ದು ಅದೇ ವಿಮೆಯ ಕಂತು.

ಲೆಕ್ಕ ಹಾಕಿ ನೋಡಿ. 2007ರಲ್ಲಿ ಥಾಯ್ಲೆಂಡಿಗೆ ಹೋದವರ ಪೂರ್ಣ ಮೂಲ ಪಿಂಚಣಿ ವಾರಕ್ಕೆ 87 ಪೌಂಡ್ 30 ಪೆನ್ಸ್. ಅದು ಇವತ್ತಿಗೂ ಅಷ್ಟೇ. ಅದೇ ಪಿಂಚಣಿ ಬ್ರಿಟನ್ನಿನಲ್ಲೇ ಉಳಿದವರಿಗೆ 2025ರ ಏಪ್ರಿಲ್‌ನಲ್ಲಿ 176 ಪೌಂಡ್ 45 ಪೆನ್ಸ್ ಆಯಿತು. ಇದರ ಮೇಲೆ ಪೌಂಡೇ ಕುಸಿದಿದೆ. ಆಗ ಒಂದು ಪೌಂಡಿಗೆ 65ಕ್ಕೂ ಹೆಚ್ಚು ಬಾತ್ ಸಿಗುತ್ತಿತ್ತು. 2025ರಲ್ಲಿ ಸಿಕ್ಕಿದ್ದು 44ರ ಆಸುಪಾಸು. ತಿಂಗಳಿಗೆ 25 ಸಾವಿರ ಬಾತ್ ಆಗುತ್ತಿದ್ದ ಹಣ 16–17 ಸಾವಿರಕ್ಕೆ ಇಳಿಯಿತು. ಅಷ್ಟರಲ್ಲಿ ಆ ಮನುಷ್ಯನಿಗೆ ವಯಸ್ಸು ಎಂಬತ್ತು ದಾಟಿದೆ.

ಎಂಬತ್ತರಲ್ಲಿ ಔಷಧಿ ಬೇಕು, ಆಸ್ಪತ್ರೆ ಬೇಕು. ಥಾಯ್ ಪ್ರಜೆಗಳಿಗೆ 30 ಬಾತ್‌ನ ಆರೋಗ್ಯ ಯೋಜನೆ ಇದೆ, ಹೊರಗಿನವರಿಗೆ ಅದು ಸಿಗದು. ಎಪ್ಪತ್ತರ ನಂತರ ವಿಮೆಯ ಕಂತು ಜಿಗಿಯುತ್ತದೆ, ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಗಳನ್ನು ಅನೇಕ ಕಂಪನಿಗಳು ಹೊರಗಿಡುತ್ತವೆ. ಇನ್ನು ವೀಸಾ. ತಿಂಗಳಿಗೆ 65 ಸಾವಿರ ಬಾತ್ ಆದಾಯ ತೋರಿಸಬೇಕು, ಇಲ್ಲವೇ ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು. ನವೀಕರಣದ ಆಚೀಚೆಯ ಕೆಲವು ತಿಂಗಳು ಅದನ್ನು ಮುಟ್ಟುವಂತಿಲ್ಲ, ಉಳಿದ ಸಮಯದಲ್ಲೂ 4 ಲಕ್ಷಕ್ಕಿಂತ ಕೆಳಗಿಳಿಸುವಂತಿಲ್ಲ. ಸಣ್ಣ ಪಿಂಚಣಿಯವರ ಆಪತ್ಕಾಲದ ಗಂಟೂ ಅದೇ. ಆಸ್ಪತ್ರೆಯ ಬಿಲ್ಲಿಗೆಂದು ಅದಕ್ಕೆ ಕೈಹಾಕಿದರೆ ಇರುವ ನೆಲೆಗೇ ಕುತ್ತು. ಊಟಕ್ಕೂ ಬಾಡಿಗೆಗೂ ಸಾಕಾಗುವ ಹಣ ಇದ್ದವರೂ ಇಲ್ಲಿ ಸೋತು, ಮುಪ್ಪಿನಲ್ಲಿ ಬ್ರಿಟನ್ನಿಗೆ ವಾಪಸಾಗುತ್ತಾರೆ. ಅಲ್ಲಿ ಕಾಲಿಟ್ಟು ನೆಲೆಸಿದರೆ ಪಿಂಚಣಿ ಇವತ್ತಿನ ದರಕ್ಕೆ ಏರುತ್ತದೆ, ಆಸ್ಪತ್ರೆಯೂ ಪುಕ್ಕಟೆ. ಆದರೆ ಮನೆ, ನೆರೆಹೊರೆ ಎಲ್ಲ ಥಾಯ್ಲೆಂಡಿನಲ್ಲೇ ಉಳಿದಿರುತ್ತದೆ.

ಪಿಂಚಣಿ ಏರದ ಈ ಅನ್ಯಾಯ ನಮ್ಮ ಮನೆಬಾಗಿಲಲ್ಲೂ ಇದೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ದುಡಿದು, ಮೈಸೂರಿಗೋ ಧಾರವಾಡಕ್ಕೋ ಮರಳಿದ ನಮ್ಮ ವೈದ್ಯರು, ದಾದಿಯರಿಗೂ ಇದೇ ನಿಯಮ ಅನ್ವಯಿಸುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಆನೆಟ್ ಕಾರ್ಸನ್ ಇದರ ವಿರುದ್ಧ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. 2010ರಲ್ಲಿ ಅಲ್ಲೂ ಸೋತರು. ಹಳೆಯ ಬಾಕಿ ಬೇಡ, ಇನ್ನು ಮುಂದಿನ ವಾರ್ಷಿಕ ಏರಿಕೆಯನ್ನಾದರೂ ಕೊಡಿ ಎಂದು ಈ ವೃದ್ಧರು ಈಗ ಕೇಳುತ್ತಿದ್ದಾರೆ. ಇಷ್ಟನ್ನೂ ಕೊಡದಿರುವುದಕ್ಕೆ ಬ್ರಿಟನ್ ಸರ್ಕಾರ ಖರ್ಚಿನ ನೆಪ ಹೇಳುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ನಮಸ್ಕಾರ.