ಉಪ್ಪುಗಾಳಿ, ಕೆಂಪು ಧೂಳು, ಮೋಟಾರ್‌ಹೋಮ್‌ನ ಪೇಂಟು

ಬೇಕಲದ ಕಡಲ ಬದಿಯಲ್ಲಿ ರಾತ್ರಿ ನಿಂತ ಮೋಟಾರ್‌ಹೋಮ್‌ನ, ಅಂದರೆ ಒಳಗೇ ಉಳಿದುಕೊಳ್ಳಬಹುದಾದ ಗಾಡಿಯ ಮೈಮೇಲೆ ಬೆರಳಾಡಿಸಿ ನೋಡಿ, ಅಂಟಂಟು. ಅದು ಉಪ್ಪು. ಅದರ ಮೇಲೆ ಮುರಕಲ್ಲಿನ ಕೆಂಪು ಧೂಳು ಕೂತಿದೆ. ಈ ಸ್ಥಿತಿಯಲ್ಲಿ ಒಣ ಬಟ್ಟೆ ಮುಟ್ಟಿಸಲೇಬೇಡಿ. ಪೇಂಟಿನ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40–50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದಪ್ಪ, ಅಷ್ಟೇ. ಬಿಸಿಲಿಗೆ ನಿಲ್ಲಿಸಿದಾಗ ಕಾಣುವ ಆ ಸುತ್ತು ಸುತ್ತು ಗೆರೆಗಳಲ್ಲಿ ಹೆಚ್ಚಿನವು ರಸ್ತೆಯಲ್ಲಿ ಆದದ್ದಲ್ಲ, ಒರೆಸುವಾಗ ಆದದ್ದು.

ಗಾಡಿ ನೆರಳಿನಲ್ಲಿರಲಿ, ಬಾಡಿ ಕೈಗೆ ತಣ್ಣಗೆ ಹತ್ತಬೇಕು. ಶುರು ಮಾಡುವುದು ಮಾಡಿನಿಂದ, ಅಂದರೆ ಗಾಡಿಯ ಚಾವಣಿಯಿಂದ. ಕಿಟಕಿಯ ಕೆಳಗೆ ಇಳಿಯುವ ಕಪ್ಪು ಗೆರೆಗಳು ಬರುವುದು ಅಲ್ಲಿಂದಲೇ. ಮಾಡನ್ನು ಬಿಟ್ಟು ಬದಿ ಮಾತ್ರ ತೊಳೆದರೆ ಮುಂದಿನ ಮಳೆಗೆ ಗೆರೆ ಮತ್ತೆ ಹಾಜರ್. ಒದ್ದೆ ಮಾಡು ವಿಪರೀತ ಜಾರುತ್ತದೆ, ಹತ್ತಬೇಡಿ. ಏಣಿಯ ಮೇಲೆ ನಿಂತು ಉದ್ದ ಹಿಡಿಕೆಯ ಮೆತ್ತನೆಯ ಬ್ರಶ್ ಬಳಸಿ.

ಈಗ ಬರೀ ನೀರು, ಧಾರಾಳವಾಗಿ. ಉಪ್ಪು ನೀರಿನಲ್ಲೇ ಕರಗುತ್ತದೆ, ಧೂಳು ನೆನೆದು ತಾನೇ ಇಳಿಯುತ್ತದೆ. ಪ್ರೆಶರ್ ವಾಶರ್ ಇದ್ದರೆ 40 ಡಿಗ್ರಿಯ ಅಗಲ ನಾಝಲ್, ಎರಡಡಿ ದೂರ. ಕಿಟಕಿಯ ರಬ್ಬರ್, ಜಾಯಿಂಟಿನ ಸೀಲೆಂಟ್, ಸ್ಟಿಕರ್‌ನ ಅಂಚು, ಫ್ರಿಜ್‌ನ ಗಾಳಿಕಿಂಡಿ, ಇವುಗಳಿಗೆ ನೇರವಾಗಿ ಹೊಡೆಯಬೇಡಿ. ಸೀಲೆಂಟ್ ಎದ್ದರೆ ನೀರು ಗೋಡೆಯೊಳಗೆ ಇಳಿಯುತ್ತದೆ. ಅದು ಪೇಂಟಿಗಿಂತ ದೊಡ್ಡ ಖರ್ಚು.

ಆಮೇಲೆ ಎರಡು ಬಕೆಟ್. ಒಂದರಲ್ಲಿ ಕಾರ್ ಶಾಂಪೂ, ಬಾಟಲಿಯಲ್ಲಿ ಹೇಳಿದ ಅಳತೆಗೆ. ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಗವಸಿನಿಂದ ಒಂದು ಭಾಗ ಉಜ್ಜಿ, ಬರೀ ನೀರಿನಲ್ಲಿ ಹಿಂಡಿ, ಆಮೇಲಷ್ಟೇ ಶಾಂಪೂವಿಗೆ ಅದ್ದಿ. ಮೇಲಿನಿಂದ ಕೆಳಕ್ಕೆ, ನೇರ ಎಳೆತ. ಚಕ್ರದ ಸುತ್ತಲಿನ ಭಾಗ ಕೊನೆಗೆ, ಅದಕ್ಕೆ ಬೇರೆಯೇ ಬಟ್ಟೆ. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ಹಚ್ಚಿದ ವ್ಯಾಕ್ಸನ್ನೂ ತೆಗೆದುಬಿಡುತ್ತದೆ. ಒಂದು ಬದಿ ಮುಗಿದ ಕೂಡಲೇ ತೊಳೆಯಿರಿ, ನೊರೆ ಒಣಗಲು ಬಿಡಬೇಡಿ.

ಬಾವಲಿ, ಕಾಗೆ ಹಿಕ್ಕೆ ಹಾಕಿದಲ್ಲಿ ಉಗುರು ತಾಗಿಸಬಾರದು. ಒದ್ದೆ ಬಟ್ಟೆ ಹತ್ತು ನಿಮಿಷ ಅಂಟಿಸಿಟ್ಟು, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಬಿಸಿಲಿಗೆ ಒಂದೆರಡು ದಿನ ಬಿಟ್ಟರೂ ಕ್ಲಿಯರ್ ಕೋಟ್ ತಿಂದು ಗುರುತು ಉಳಿಯಬಹುದು. ಮಾವಿನ ಸೊನೆಯನ್ನೂ ಹಾಗೇ ಬಿಡಬಾರದು.

ಒಣಗಿಸುವುದನ್ನು ಗಾಳಿಗೆ ಬಿಡುವವರೇ ಹೆಚ್ಚು, ಅಲ್ಲೇ ತೊಂದರೆ, ನೀರು ಆರಿದಲ್ಲಿ ಕಲೆ ಉಳಿಯುತ್ತದೆ. ನಿಮ್ಮ ನೀರು ಹೇಗಿದೆ ನೋಡಬೇಕೆಂದರೆ ಕಪ್ಪು ಗಾಜಿನ ಮೇಲೆ ಒಂದು ಹನಿ ಬಿಟ್ಟು ಒಣಗಿಸಿ. ಅಂಚಿನಲ್ಲಿ ಬಿಳಿ ಉಂಗುರ ಕಂಡರೆ ಲವಣ, ಕಂದು ಛಾಯೆ ಕಂಡರೆ ಕಬ್ಬಿಣದ ಅಂಶ. ಅಂಥ ಬೋರ್‌ವೆಲ್ ನೀರಾದರೆ ಕೊನೆಯ ಒಂದೆರಡು ಬಕೆಟ್‌ಗೆ ಹಿಡಿದಿಟ್ಟ ಮಳೆನೀರು ಬಳಸಿ. ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ ಮೆಲ್ಲ ಎಳೆಯಿರಿ, ಉಜ್ಜಬೇಡಿ. ಕನ್ನಡಿ, ಬಾಗಿಲಿನ ಹಿಡಿ, ಬೀಡಿಂಗಿನ ಸಂದಿಯ ನೀರನ್ನು ಬ್ಲೋವರ್‌ನಿಂದ ಊದಿ.

ಇನ್ನು ರಕ್ಷಣೆ. ತೊಳೆದ ಮೇಲೂ ಕೈಗೆ ತರಿತರಿ ಹತ್ತಿದರೆ ಕ್ಲೇ ಬಾರ್ (ಅಂಟಿದ ಕೊಳೆಯನ್ನು ಎತ್ತಿಕೊಳ್ಳುವ ಜೇಡಿಯಂಥ ಮೆತ್ತನೆಯ ತುಂಡು) ಆಡಿಸಿ, ಜಾರಲು ಲೂಬ್ರಿಕೆಂಟ್ ಚೆನ್ನಾಗಿ ಹಾಕಿ, ಹಗುರವಾಗಿ. ಕ್ಲೇ ನೆಲಕ್ಕೆ ಬಿತ್ತೇ, ಎಸೆದುಬಿಡಿ. ಕರಾವಳಿಗೆ ನನ್ನ ಆಯ್ಕೆ ಪಾಲಿಮರ್ ಸೀಲೆಂಟ್, ಜಾಯಿಂಟಿನದ್ದಲ್ಲ, ಪೇಂಟಿನ ಮೇಲೆ ಹಚ್ಚುವ ರಕ್ಷಣೆಯ ಲೇಪ. ಕಾರ್ನೋಬಾ ವ್ಯಾಕ್ಸ್ (ಒಂದು ಬಗೆಯ ತಾಳೆಯ ಎಲೆಯಿಂದ ಬರುವ ಮೇಣ) ಹೊಳಪು ಕೊಡುತ್ತದೆ, ಆದರೆ ನಮ್ಮ ಬಿಸಿಲು–ಮಳೆಗೆ ಬೇಗ ಹೋಗುತ್ತದೆ. ಎರಡಡಿ ಚೌಕದಷ್ಟೇ ಒಮ್ಮೆಗೆ, ಕಂಡೂ ಕಾಣದಷ್ಟು ತೆಳುವಾಗಿ. ದಪ್ಪ ಹಚ್ಚಿದರೆ ಒರೆಸುವುದು ಕಷ್ಟವಾಗುತ್ತದೆಯೇ ಹೊರತು ಬಾಳಿಕೆ ಹೆಚ್ಚುವುದಿಲ್ಲ. ರಬ್ಬರ್, ಮ್ಯಾಟ್ ಸ್ಟಿಕರ್‌ಗೆ ತಾಗಿಸಬೇಡಿ, ಬಿಳಿ ಕಲೆ ಉಳಿಯುತ್ತದೆ. ಹೊಸದಾಗಿ ಪೇಂಟ್ ಮಾಡಿಸಿದ ಭಾಗಕ್ಕೆ ಪೇಂಟ್ ತಯಾರಕರು ಹೇಳಿದ ಅವಧಿ ಮುಗಿಯುವ ತನಕ ಏನೂ ಹಚ್ಚಬೇಡಿ.

ಮೇ ತಿಂಗಳು ಮುಗಿಯುವುದರೊಳಗೆ ಒಂದು ಕೋಟ್, ಮಳೆ ನಿಂತ ಮೇಲೆ ಇನ್ನೊಂದು. ನಡುವೆ ನೀರು ಹನಿಯಾಗಿ ಉರುಳದೆ ಹಾಳೆಯಂತೆ ಹರಡಿ ನಿಂತರೆ ಕೋಟ್ ಸವೆದಿದೆ. ಮಳೆಗಾಲಕ್ಕೆ ಪ್ಲಾಸ್ಟಿಕ್ ಟಾರ್ಪಾಲ್ ಸುತ್ತುವುದು ಬೇಡ. ಒಳಗೆ ತೇವ ಕಟ್ಟಿ ರಬ್ಬರಿನ ಸುತ್ತ ಪಾಚಿ ಹಿಡಿಯುತ್ತದೆ, ಗಾಳಿಗೆ ಬಡಿದು ಅಂಚೆಲ್ಲ ಗೀರುತ್ತದೆ. ನಾಲ್ಕು ಕಂಬ ನೆಟ್ಟು ಶೀಟಿನ ಚಪ್ಪರ ಹಾಕಿ, ಬದಿ ತೆರೆದಿರಲಿ.